ಬುಷ್ ಬಿಡಿ, ಮೊದಲು ಶಾಫ್ಟ್ ನೋಡಿ

ಎರಡು ಸಂಚಿಕೆಗಳ ಹಿಂದೆ ನೈಲಾನ್ ಗೇರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಲೋಹದ ಮೇಲೆ ಜಾರುವ ಪ್ಲಾಸ್ಟಿಕ್ ಬಗ್ಗೆಯೇ. ನನಗೆ ಇದು ಬಹಳ ಹತ್ತಿರದ ವಿಷಯ. ಇಪ್ಪತ್ತೇಳು ವರ್ಷ ಸವೆತ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡಿದ್ದೇನೆ. ತಿರುಗುವ ಉಕ್ಕಿನ ತಟ್ಟೆ, ಅದರ ಮೇಲೆ ತೂಕ ಹೇರಿ ಒತ್ತಿ ಹಿಡಿದ ಪ್ಲಾಸ್ಟಿಕ್ ಕಡ್ಡಿ. ಓಡಿಸುವ ಮುಂಚೆ ಕಡ್ಡಿಯನ್ನು ತೂಗುವುದು, ಓಡಿಸಿದ ಮೇಲೆ ಮತ್ತೆ ತೂಗುವುದು. ದಿನವೆಲ್ಲ ಅದೇ ಕೆಲಸ. ಅಲ್ಲಿಂದ ತಂದ ಹಳೇ ಬುಷ್‌ಗಳ (ತಿರುಗುವ ದಂಡ, ಅಂದರೆ ಶಾಫ್ಟ್, ಅದರ ಸುತ್ತ ಕೂರುವ ಕೊಳವೆಯಂಥ ತುಂಡುಗಳ) ಒಂದು ಡಬ್ಬಿ ಈಗಲೂ ನನ್ನ ಮೇಜಿನ ಮೇಲಿದೆ. ಉತ್ತರ ಬರೆಯುವಾಗ ಅವನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಬರೆದಿದ್ದೇನೆ.

ಪ್ರಶ್ನೆ: ಸರ್, ನಮ್ಮ ಪ್ಯಾಕಿಂಗ್ ಮಷೀನಿನ ಉಕ್ಕಿನ ಶಾಫ್ಟಿಗೆ ನೈಲಾನ್ ಬುಷ್ ಇತ್ತು. ಎಂಟು ತಿಂಗಳು ಬಾಳಿಕೆ ಬಂತು. ಇನ್ನೂ ಜಾಸ್ತಿ ಬರಲಿ ಅಂತ ಟೆಫ್ಲಾನ್ ಬುಷ್ ಹಾಕಿಸಿದೆ. ಎಲ್ಲಕ್ಕಿಂತ ಚೆನ್ನಾಗಿ ಜಾರುವ ಪ್ಲಾಸ್ಟಿಕ್ ಅದೇ ಅಲ್ವಾ? ಎರಡೇ ವಾರಕ್ಕೆ ಶಾಫ್ಟ್ ಗಡಗಡ ಅನ್ನತೊಡಗಿತು. ನನಗೆ ಕೊಟ್ಟದ್ದು ನಕಲಿ ಮಾಲೇ?

ಉತ್ತರ: ನಕಲಿ ಇರಲಾರದು. ಅಪ್ಪಟ ಟೆಫ್ಲಾನ್ ಕೊಟ್ಟಿರುವುದರಿಂದಲೇ ಹೀಗಾಗಿದೆ.

ಘರ್ಷಣೆ ಬೇರೆ, ಸವೆತ ಬೇರೆ. ಎಳೆಯಲು ಎಷ್ಟು ಬಲ ಬೇಕು ಅನ್ನುವುದು ಘರ್ಷಣೆಯ ಲೆಕ್ಕ. ಎಳೆದಾಗ ಎಷ್ಟು ಮಾಲು ಉದುರಿಹೋಯಿತು ಅನ್ನುವುದು ಸವೆತದ ಲೆಕ್ಕ. ಕಡಿಮೆ ಘರ್ಷಣೆ ಇದ್ದರೆ ಸವೆತವೂ ಕಡಿಮೆ ಇರುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಟೆಫ್ಲಾನ್ ವಿಷಯದಲ್ಲಿ ಅದು ಪೂರ್ತಿ ತಿರುಗುಮುರುಗು.

ಟೆಫ್ಲಾನ್ ಅನ್ನುವುದು ಬ್ರ್ಯಾಂಡಿನ ಹೆಸರು, ವಸ್ತುವಿನ ಹೆಸರು ಪಿಟಿಎಫ್‌ಇ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅವರಿಗೆ ಇದು ಅಚಾನಕ್ಕಾಗಿ ಸಿಕ್ಕಿತು. ಅನಿಲ ತುಂಬಿಟ್ಟ ಸಿಲಿಂಡರಿನ ತೂಕ ಇಳಿದಿರಲಿಲ್ಲ, ಆದರೆ ವಾಲ್ವ್ ತಿರುಗಿಸಿದರೆ ಅನಿಲ ಬರಲಿಲ್ಲ. ಸಿಲಿಂಡರನ್ನೇ ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಪಿಟಿಎಫ್‌ಇ. ಉಕ್ಕಿನ ಮೇಲೆ ನಿಧಾನವಾಗಿ ಜಾರಿದರೆ ಇದರ ಘರ್ಷಣಾಂಕ (ಎಳೆಯಲು ಬೇಕಾದ ಬಲವನ್ನು ಮೇಲಿನ ಭಾರದಿಂದ ಭಾಗಿಸಿದ್ದು) 0.05ರಿಂದ 0.1ರ ಆಸುಪಾಸು. ನೈಲಾನಿನದು ಸಾಮಾನ್ಯವಾಗಿ 0.2ರಿಂದ 0.4. ಹಾಗಾಗಿ ನೀವು ನಂಬಿದ್ದರಲ್ಲಿ ತಪ್ಪೇನೂ ಇಲ್ಲ, ಅದು ನಿಜಕ್ಕೂ ಜಾರುತ್ತದೆ.

ಯಾಕೆ ಜಾರುತ್ತದೆ ಅಂತ ನೋಡಿದರೆ ಯಾಕೆ ಸವೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಪಿಟಿಎಫ್‌ಇಯ ಅಣುಗಳು ಉದ್ದುದ್ದ ಸರಪಳಿಗಳು. ಆ ಸರಪಳಿಯ ಮೈ ನುಣ್ಣಗಿದೆ, ಪಕ್ಕಕ್ಕೆ ಚಾಚಿದ ಕೊಂಬೆಗಳಿಲ್ಲ, ಸುತ್ತ ಫ್ಲೋರಿನ್ ಕವಚ. ಒಂದು ಸರಪಳಿ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಹೊಸ ಇಸ್ಪೀಟು ಕಟ್ಟನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ತಳ್ಳಿ ನೋಡಿ. ಎಲೆಗಳು ಒಂದರ ಮೇಲೊಂದು ಸರಸರ ಜಾರುತ್ತವೆ. ಕೈಗೆ ಏನೂ ಭಾರ ಅನ್ನಿಸುವುದಿಲ್ಲ. ಆದರೆ ಪ್ರತಿ ಸಲ ತಳ್ಳಿದಾಗಲೂ ಮೇಲಿನ ಒಂದಷ್ಟು ಎಲೆಗಳು ಕಟ್ಟು ಬಿಟ್ಟು ಹೋಗಿರುತ್ತವೆ. ನಿಮ್ಮ ಬುಷ್ ಹೋದದ್ದು ಹೀಗೇ. ಮಷೀನಿನ ಕೆಳಗೆ ಬಿಳಿ ಚಕ್ಕೆಗಳು ಬಿದ್ದಿದ್ದವಾ? ಬಿದ್ದಿರಲೇಬೇಕು.

ಹಾಗಾದರೆ ಪಿಟಿಎಫ್‌ಇ ಬೇರಿಂಗಿಗೆ ಬರುವುದೇ ಇಲ್ಲವೇ? ಬರುತ್ತದೆ, ಜೊತೆಗೆ ಬೇರೆ ಏನಾದರೂ ಸೇರಿದರೆ. ಗ್ಲಾಸ್ ಫೈಬರ್, ಕಾರ್ಬನ್ ಪುಡಿ, ಕಂಚಿನ ಪುಡಿ ಇವುಗಳನ್ನು ಬೆರೆಸಿದರೆ ಸವೆತ ನೂರಾರು ಪಟ್ಟು ಇಳಿಯುತ್ತದೆ, ಕೆಲವು ಬೆರಕೆಗಳಲ್ಲಿ ಸಾವಿರ ಪಟ್ಟಿನವರೆಗೂ. ಘರ್ಷಣೆ ಮಾತ್ರ ತುಸುವೇ ಏರುತ್ತದೆ. ಬೆರಕೆಯ ಕಣಗಳು ಭಾರವನ್ನು ಹೊರುತ್ತವೆ, ದೊಡ್ಡ ಚಕ್ಕೆ ಏಳುವುದನ್ನು ತಡೆಯುತ್ತವೆ, ಉದುರಿದ ಪಿಟಿಎಫ್‌ಇ ತೆಳ್ಳಗೆ ಶಾಫ್ಟಿನ ಮೇಲೆ ಅಂಟಿಕೊಂಡು ಉಳಿಯಲು ನೆರವಾಗುತ್ತವೆ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ, ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ಇನ್ನೊಂದು ಬಗೆಯ ಬುಷ್ ಕೂಡ ಇದೆ. ತೆಳು ಉಕ್ಕಿನ ಬೆನ್ನು, ಅದರ ಮೇಲೆ ತೂತುತೂತಾದ ಕಂಚಿನ ಪದರ, ಆ ತೂತುಗಳಲ್ಲಿ ತುಂಬಿದ ಪಿಟಿಎಫ್‌ಇ. ಭಾರ ಜಾಸ್ತಿ ಇರುವ ಕಡೆ ಅದು ಬಹಳ ಚೆನ್ನಾಗಿ ನಿಲ್ಲುತ್ತದೆ.

ನಿಮ್ಮ ಮಷೀನಿಗೆ ನನ್ನ ಸಲಹೆ: ಎಂಟು ತಿಂಗಳು ಬಂದ ನೈಲಾನನ್ನು ಹಗುರಾಗಿ ಬಿಡಬೇಡಿ. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಎಣ್ಣೆ ಬೆರೆಸಿ ಎರಕ ಹೊಯ್ದ ನೈಲಾನ್ ಅಥವಾ ಅಸಿಟಾಲ್ (ಇನ್ನೊಂದು ಗಟ್ಟಿ ಪ್ಲಾಸ್ಟಿಕ್) ಬುಷ್ ಹಾಕಿ ನೋಡಿ.

ಪ್ರಶ್ನೆ: ಬುಷ್ ಬೇಗ ಸವೆಯುತ್ತಿದೆ ಅಂತ ಶಾಫ್ಟನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದೆ. ಸವೆತ ಇನ್ನೂ ಜಾಸ್ತಿ ಆದಂತಿದೆ. ವಾರಕ್ಕೊಮ್ಮೆ ಶಾಫ್ಟನ್ನು ಥಿನ್ನರ್ ಹಾಕಿ ಒರೆಸುತ್ತೇನೆ, ಅಷ್ಟು ಸ್ವಚ್ಛ ಇಟ್ಟಿದ್ದೇನೆ. ಆದರೂ ಹೀಗೇಕೆ?

ಉತ್ತರ: ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷ ನೆನಪಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರತಿದಿನ ಬೆಳಿಗ್ಗೆ ಉಕ್ಕಿನ ತಟ್ಟೆಯನ್ನು ಅಸಿಟೋನ್ ಹಾಕಿ ಫಳಫಳ ಒರೆಸುತ್ತಿದ್ದೆ. ಹಿಂದಿನ ದಿನದ ಕೊಳೆ ಇರಬಾರದು ಅಂತ. ಒಂದು ತಿಂಗಳು ಪೂರ್ತಿ ನನ್ನ ಅಂಕಿಗಳು ಪಕ್ಕದ ಮಷೀನಿನವರ ಅಂಕಿಗಳಿಗಿಂತ ಎಷ್ಟೋ ಪಟ್ಟು ಮೇಲಿರುತ್ತಿದ್ದವು. ಅದೇ ಪ್ಲಾಸ್ಟಿಕ್, ಅದೇ ತೂಕ, ಅದೇ ವೇಗ. ನಮ್ಮ ಹಿರಿಯ ತಂತ್ರಜ್ಞರೊಬ್ಬರು ಬಂದು ನಿಂತು ನೋಡಿದರು. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, "ನೀನು ಒರೆಸುತ್ತಿರುವುದೇ ಬೇರಿಂಗು" ಅಂದರು. ಅಷ್ಟೇ ಹೇಳಿ ಹೋದರು. ಅದು ಅರ್ಥವಾಗಲು ನನಗೆ ಇನ್ನೊಂದು ವಾರ ಬೇಕಾಯಿತು.

ಪ್ಲಾಸ್ಟಿಕ್ ಉಕ್ಕಿನ ಮೇಲೆ ಜಾರಲು ಶುರು ಮಾಡಿದಾಗ ಮೊದಲು ಒಂದಷ್ಟು ಬೇಗ ಸವೆಯುತ್ತದೆ. ಉದುರಿದ ಮಾಲಿನಲ್ಲಿ ಒಂದು ಪಾಲು ಉಕ್ಕಿನ ತಗ್ಗುಗಳಲ್ಲಿ ಹೋಗಿ ಕೂರುತ್ತದೆ, ಮೇಲೆ ತೆಳ್ಳಗೆ ಬಳಿದುಕೊಳ್ಳುತ್ತದೆ. ಆ ಪದರ ಒಮ್ಮೆ ಕೂತಿತೆಂದರೆ ಅಲ್ಲಿಂದಾಚೆಗೆ ಪ್ಲಾಸ್ಟಿಕ್ ಜಾರುವುದು ಪ್ಲಾಸ್ಟಿಕ್ ಪದರದ ಮೇಲೆ, ಉಕ್ಕಿನ ಚೂಪು ತುದಿಗಳು ಅದರಡಿ ಮುಚ್ಚಿಹೋಗಿರುತ್ತವೆ. ಆಗ ಸವೆತ ಥಟ್ಟನೆ ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ನೀವು ವಾರಕ್ಕೊಮ್ಮೆ ಥಿನ್ನರಿನಿಂದ ಒರೆಸಿದಾಗ ಆ ಪದರ ಸಡಿಲವಾಗಿ ಬಟ್ಟೆಗೆ ಬರುತ್ತದೆ. ಬುಷ್ ಪಾಪ, ಪ್ರತಿ ಸೋಮವಾರ ಮೊದಲಿನಿಂದ ಶುರು ಮಾಡಬೇಕು. ಹೊಸ ಪದರ ಕಟ್ಟಲು ತನ್ನ ಮೈಯನ್ನೇ ತೇಯಬೇಕು.

ಈಗ ಕನ್ನಡಿ ಪಾಲಿಶ್ ವಿಷಯ. ಮೈ ತೀರಾ ತರಿತರಿಯಾಗಿದ್ದರೆ ಉಕ್ಕು ಅರದ ಹಾಗೆ ಪ್ಲಾಸ್ಟಿಕ್ಕನ್ನು ತೇಯುತ್ತದೆ. ಇದು ಎಲ್ಲರಿಗೂ ಗೊತ್ತು. ತೀರಾ ನುಣುಪಾಗಿದ್ದರೂ ಕಷ್ಟ. ಪದರ ಕಚ್ಚಿ ಕೂರಲು ತಗ್ಗುಗಳೇ ಇರುವುದಿಲ್ಲ, ಮೇಲಾಗಿ ಎರಡು ಮೈಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಕಿತ್ತಾಗ ಪ್ಲಾಸ್ಟಿಕ್ ಚೂರು ಕಿತ್ತು ಬರುತ್ತದೆ. ಎಣ್ಣೆ ಇಲ್ಲದೆ ಓಡುವ ಹೆಚ್ಚಿನ ಪ್ಲಾಸ್ಟಿಕ್ ಬುಷ್‌ಗಳಿಗೆ ಶಾಫ್ಟಿನ ಒರಟುತನ, ಡ್ರಾಯಿಂಗಿನಲ್ಲಿ ಬರೆಯುವ ಸರಾಸರಿ ಲೆಕ್ಕದಲ್ಲಿ, 0.2ರಿಂದ 0.4 ಮೈಕ್ರಾನ್ ಇದ್ದರೆ ಒಳ್ಳೆಯದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಮುಂದೆ ಇದು ಎಷ್ಟು ಸಣ್ಣದು ನೋಡಿ. ಚೆನ್ನಾಗಿ ಗ್ರೈಂಡಿಂಗ್ ಮಾಡಿದ ಶಾಫ್ಟ್ ಈ ಮಟ್ಟಕ್ಕೆ ಬರುತ್ತದೆ, ಅದಕ್ಕಿಂತ ಮುಂದೆ ಹೋಗುವುದು ಬೇಡ.

ಹಾಗಾಗಿ ಯಾರೇ ಸವೆದ ಬುಷ್ ತಂದು ತೋರಿಸಿದರೂ ನಾನು ಮೊದಲು ಕೇಳುವುದು ಶಾಫ್ಟನ್ನು. ಶಾಫ್ಟಿನ ಮೇಲೆ ತೆಳ್ಳಗೆ ಮಬ್ಬಾದ, ಒಂದೇ ಸಮನಾದ ಪಟ್ಟೆ ಕಂಡರೆ ಎಲ್ಲ ಸರಿಯಿದೆ ಅಂತ ಅರ್ಥ. ಗಡ್ಡೆಗಡ್ಡೆಯಾಗಿ ಮೆತ್ತಿಕೊಂಡಿದ್ದರೆ ಬಿಸಿ ಜಾಸ್ತಿಯಾಗಿದೆ. ಏನೂ ಇಲ್ಲದೆ ಬರೀ ಹೊಳೆಯುತ್ತಿದ್ದರೆ ಯಾರೋ ಒರೆಸಿದ್ದಾರೆ, ಇಲ್ಲವೇ ಎಣ್ಣೆಯೋ ನೀರೋ ತೊಳೆದುಕೊಂಡು ಹೋಗಿದೆ. ಉಗುರಿಗೆ ಗೀರು ಸಿಕ್ಕರೆ ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಉಕ್ಕು ಗಟ್ಟಿ, ಪ್ಲಾಸ್ಟಿಕ್ ಮೆತ್ತಗೆ. ಆದರೆ ನಮ್ಮಲ್ಲಿ ಬುಷ್ ಹಾಗೇ ಇದೆ, ಶಾಫ್ಟಿಗೇ ಕಾಲುವೆ ಬಿದ್ದಿದೆ! ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ, ನಾನು ಎಷ್ಟೋ ಸಲ ನೋಡಿದ್ದೇನೆ. ಪ್ಲಾಸ್ಟಿಕ್ ಮೆತ್ತಗಿದೆ ಅನ್ನುವುದೇ ಇದಕ್ಕೆ ಕಾರಣ.

ಒಂದು ಮರಳಿನ ಕಣ ಬುಷ್ ಮತ್ತು ಶಾಫ್ಟ್ ನಡುವೆ ಸಿಕ್ಕಿಕೊಂಡಿತು ಅಂದುಕೊಳ್ಳಿ. ಅದು ಉಕ್ಕಿನೊಳಗೆ ಹೋಗಲಾರದು, ಮೆತ್ತಗಿರುವ ಕಡೆಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅರ್ಧ ಹೂತುಕೊಂಡು, ಇನ್ನರ್ಧ ಹೊರಗೆ ಚಾಚಿ ಗಟ್ಟಿಯಾಗಿ ಕೂರುತ್ತದೆ. ಉರುಳಾಡುವ ಕಣ ಅಷ್ಟೇನೂ ಕೆಡಿಸುವುದಿಲ್ಲ. ಹೂತು ನಿಂತ ಕಣ ಲೇತ್ ಟೂಲಿನ ಹಾಗೆ ಕೊರೆಯುತ್ತದೆ. ಅಂಥ ಸಾವಿರ ಕಣ ಸೇರಿದರೆ ನಿಮ್ಮ ಬುಷ್ಷು ಎಮರಿ ಪೇಪರ್ ಆಯಿತು. ಎಮರಿ ಪೇಪರಿನಲ್ಲೂ ಹಿಂದಿರುವುದು ಬರೀ ಕಾಗದ ಅಲ್ವಾ, ಆದರೂ ಅದು ಉಕ್ಕನ್ನು ತೇಯುತ್ತದೆ. ಬುಷ್ಷಿನ ಒಳಮೈಯನ್ನು ಭೂತಗನ್ನಡಿಯಲ್ಲಿ ಬೆಳಕಿಗೆ ಹಿಡಿದು ನೋಡಿ, ಚುಕ್ಕಿಚುಕ್ಕಿಯಾಗಿ ಹೊಳೆಯುತ್ತಿದ್ದರೆ ಇದೇ ಕಥೆ. ಆಗ ಮಾಡಬೇಕಾದ್ದು ಧೂಳು ತಡೆಯುವ ಸೀಲ್ ಹಾಕುವುದು. ಬುಷ್ಷನ್ನು ತೊಳೆದು ಮತ್ತೆ ಹಾಕಬೇಡಿ, ಹೂತ ಕಣ ಹೋಗುವುದಿಲ್ಲ.

ಎರಡನೆಯ ಕಾರಣ ಬುಷ್ಷಿನೊಳಗೇ ಇರಬಹುದು. ಗಟ್ಟಿ ಬರಲಿ ಅಂತ ಗ್ಲಾಸ್ ಫೈಬರ್ ತುಂಬಿದ ನೈಲಾನ್ ಹಾಕಿಸುತ್ತಾರೆ. ಗಾಜಿನ ಎಳೆಗಳು ಸಾಧಾರಣ ಮೈಲ್ಡ್ ಸ್ಟೀಲಿಗಿಂತ ಗಟ್ಟಿ. ಮೇಲಿನ ನೈಲಾನ್ ಸವೆದಂತೆ ಎಳೆಯ ತುದಿಗಳು ಹೊರಗೆ ಬಂದು ಶಾಫ್ಟನ್ನು ಗೀರುತ್ತವೆ. ಗ್ಲಾಸ್ ತುಂಬಿದ ಬುಷ್ ಬೇಕೇ ಬೇಕು ಅಂದರೆ ಶಾಫ್ಟಿಗೆ ಹಾರ್ಡನಿಂಗ್ (ಕಾಯಿಸಿ ಮೈ ಗಟ್ಟಿ ಮಾಡುವುದು) ಮಾಡಿಸಲೇಬೇಕು.

ಅಲ್ಯೂಮಿನಿಯಂ ಶಾಫ್ಟ್ ಆಗಿದ್ದರೆ ಇನ್ನೂ ಕಷ್ಟ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅದರಿಂದ ಎದ್ದ ಪುಡಿ ಗಾಳಿಗೆ ತಾಕಿದಾಗ ಮೇಲೆ ಆಕ್ಸೈಡ್ ಕಟ್ಟುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಅಂದರೆ ಗ್ರೈಂಡಿಂಗ್ ಚಕ್ರಕ್ಕೆ ಬಳಸುವ ವಸ್ತುವೇ. ಅದು ಪ್ಲಾಸ್ಟಿಕ್ಕಿನಲ್ಲಿ ಹೂತುಕೊಂಡು ಹುಟ್ಟಿದ ಶಾಫ್ಟನ್ನೇ ತಿನ್ನತೊಡಗುತ್ತದೆ. ಹಾರ್ಡ್ ಅನೋಡೈಸಿಂಗ್ (ವಿದ್ಯುತ್ತಿನಿಂದ ಮೇಲೆ ದಪ್ಪ, ಗಟ್ಟಿ ಆಕ್ಸೈಡ್ ಪದರ ಕಟ್ಟಿಸುವುದು) ಮಾಡಿಸಿದ ಅಲ್ಯೂಮಿನಿಯಂ ತಡೆಯುತ್ತದೆ, ಬರೀ ಅಲ್ಯೂಮಿನಿಯಂ ಬೇಡ.

ಪ್ರಶ್ನೆ: ಪ್ಲಾಸ್ಟಿಕ್ ಬುಷ್ಷಿಗೆ ಗ್ರೀಸ್ ಹಾಕಬಹುದಾ?

ಉತ್ತರ: ನೈಲಾನ್, ಅಸಿಟಾಲ್ ಆದರೆ ಜೋಡಿಸುವಾಗ ಒಮ್ಮೆ ತೆಳ್ಳಗೆ ಸವರಿ, ಒಳ್ಳೆಯದೇ ಆಗುತ್ತದೆ. ಧೂಳಿರುವ ಜಾಗದಲ್ಲಿ ಬೇಡ, ಧೂಳು ಗ್ರೀಸಿಗೆ ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಪಿಟಿಎಫ್‌ಇ ತುಂಬಿದ, ಒಣಗಾಗಿ ಓಡಲೆಂದೇ ಮಾಡಿದ ಬುಷ್ಷಿಗೆ ಆಗೊಮ್ಮೆ ಈಗೊಮ್ಮೆ ಎರಡು ಹನಿ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಎಣ್ಣೆ ಪದರವನ್ನು ಕೂರಲು ಬಿಡುವುದಿಲ್ಲ, ತಾನೂ ಉಳಿಯುವುದಿಲ್ಲ. ಹಾಕಿದರೆ ಸದಾ ಎಣ್ಣೆ ಇರುವ ಹಾಗೆ ಹಾಕಿ, ಇಲ್ಲದಿದ್ದರೆ ಒಣಗಾಗಿಯೇ ಬಿಡಿ. ಪಾಲಿಕಾರ್ಬೊನೇಟ್, ಎಬಿಎಸ್ ಭಾಗಗಳಿದ್ದರೆ ಇನ್ನೊಂದು ಎಚ್ಚರ. ಕೆಲವು ಎಣ್ಣೆಗಳು ತಾಗಿದರೆ, ಬಿಗಿತ ಇರುವ ಕಡೆ ಅವು ಬಿರುಕು ಬಿಡುತ್ತವೆ.

ಪ್ರಶ್ನೆ: ಕಂಚಿನ ಬುಷ್ ತೆಗೆದು ಅದೇ ಅಳತೆಗೆ ನೈಲಾನ್ ಬುಷ್ ಕಡೆಸಿ ಹಾಕಿದೆ. ಶಾಫ್ಟ್ 20 ಮಿ.ಮೀ., ಸ್ಟೇನ್‌ಲೆಸ್ ಸ್ಟೀಲ್. ಬೆಳಿಗ್ಗೆ ಚೆನ್ನಾಗಿ ಓಡಿತು. ಮಧ್ಯಾಹ್ನದ ಹೊತ್ತಿಗೆ ಬಿಗಿಯಾಗಿ ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ನೈಲಾನ್ ಕರಗಿ ಶಾಫ್ಟಿಗೆ ಅಂಟಿದೆ.

ಉತ್ತರ: "ಅದೇ ಅಳತೆಗೆ" ಅನ್ನುವಲ್ಲೇ ಎಡವಟ್ಟಾಗಿದೆ.

ಬಿಸಿಯಾದಾಗ ನೈಲಾನ್ ಉಕ್ಕಿಗಿಂತ ಏಳೆಂಟು ಪಟ್ಟು ಜಾಸ್ತಿ ಹಿಗ್ಗುತ್ತದೆ. ಹೊರಗಡೆ ಲೋಹದ ಹೌಸಿಂಗ್ (ಬುಷ್ ಕೂರುವ ಗೂಡು) ಬಿಗಿಯಾಗಿ ಹಿಡಿದಿರುವುದರಿಂದ ಅದು ಹೊರಕ್ಕೆ ಹಿಗ್ಗಲಾರದು, ಒಳಕ್ಕೇ ಹಿಗ್ಗುತ್ತದೆ. ತೂತು ಕಿರಿದಾಗುತ್ತದೆ. ಸಾಲದ್ದಕ್ಕೆ ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ನೀರಲ್ಲಿ ಮುಳುಗಿಯೇ ಇದ್ದರೆ ತನ್ನ ತೂಕದ ಸುಮಾರು ಶೇ. 9ರಷ್ಟು ನೀರು ಹೀರಿಕೊಂಡು ಊದಿಕೊಳ್ಳಬಲ್ಲದು. ಬರೀ ಗಾಳಿಯ ತೇವಕ್ಕೂ ಒಂದಷ್ಟು ಊದುತ್ತದೆ. ಅಸಿಟಾಲ್ ಹಾಗಲ್ಲ, ಮುಳುಗಿಸಿಟ್ಟರೂ ಅದು ಹೀರುವುದು ಶೇ. 1ಕ್ಕಿಂತ ಕಡಿಮೆ. ಹೌಸಿಂಗಿಗೆ ಒತ್ತಿ ಕೂರಿಸಿದಾಗ ತೂತು ಕಿರಿದಾಗುವುದೂ ಇದಕ್ಕೆ ಸೇರುತ್ತದೆ. 20 ಮಿ.ಮೀ. ಶಾಫ್ಟಿಗೆ ಕಂಚಿನ ಬುಷ್ಷಿನಲ್ಲಿ ಬಿಡುವ ಕೂದಲೆಳೆಯ ಕ್ಲಿಯರೆನ್ಸ್, ಅಂದರೆ ಶಾಫ್ಟಿಗೂ ಬುಷ್ಷಿಗೂ ನಡುವಿನ ಸಂದು, ನೈಲಾನಿಗೆ ಸಾಲುವುದಿಲ್ಲ. ಕೂರಿಸಿದ ಮೇಲೆ ಅಳೆದಾಗ 0.1 ಮಿ.ಮೀ. ಅಥವಾ ತುಸು ಜಾಸ್ತಿಯೇ ಇರಲಿ. ಮೊದಲ ದಿನ ಸಡಿಲ ಅನ್ನಿಸುತ್ತದೆ, ಟರ್ನರ್ ಕೂಡ ಗೊಣಗುತ್ತಾರೆ. ಇರಲಿ ಬಿಡಿ.

ಇನ್ನು ಬಿಸಿ. ಉಜ್ಜಿದಾಗ ಹುಟ್ಟುವ ಬಿಸಿ ಎಲ್ಲಾದರೂ ಹೋಗಬೇಕಲ್ಲ? ಪ್ಲಾಸ್ಟಿಕ್ ಮೂಲಕ ಹೋಗಲಾರದು. ಅದು ಸಾಗಿಸುವ ಬಿಸಿ ಸಾಧಾರಣ ಉಕ್ಕು ಸಾಗಿಸುವುದರ ಸುಮಾರು ಇನ್ನೂರನೆಯ ಒಂದು ಪಾಲು. ಹಾಗಾಗಿ ಬಹುಪಾಲು ಬಿಸಿ ಶಾಫ್ಟಿನ ಮೂಲಕವೇ ಹೊರಗೆ ಹೋಗಬೇಕು. ನಿಮ್ಮದು ಸ್ಟೇನ್‌ಲೆಸ್. ಅದು ಸಾಗಿಸುವುದು ಸಾಧಾರಣ ಉಕ್ಕಿನ ಮೂರನೆಯ ಒಂದು ಪಾಲು ಮಾತ್ರ. ತುಕ್ಕು ಹಿಡಿಯದಿರಲಿ ಅಂತ ಸ್ಟೇನ್‌ಲೆಸ್ ಹಾಕುತ್ತೇವೆ, ಬಿಸಿಯ ದಾರಿ ಕಿರಿದಾಯಿತು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಕಂಚಿನ ಬುಷ್ ಇದ್ದಾಗ ಬಿಸಿ ಎರಡೂ ಕಡೆಯಿಂದ ಹೋಗುತ್ತಿತ್ತು. ಈಗ ಒಂದು ಬಾಗಿಲು ಮುಚ್ಚಿತು, ಇನ್ನೊಂದು ಅರೆ ತೆರೆದಿದೆ.

ಕೆಟ್ಟ ಸುತ್ತು ಶುರುವಾಗುವುದು ಇಲ್ಲಿಂದ. ಬಿಸಿಯಾದರೆ ತೂತು ಕಿರಿದಾಗುತ್ತದೆ, ಕಿರಿದಾದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಇನ್ನೂ ಬಿಸಿ. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ನಿಂತದ್ದು ಇದರಿಂದ.

ಪ್ಲಾಸ್ಟಿಕ್ ಬುಷ್ ಕೊಳ್ಳುವಾಗ ಪಿವಿ ಮಿತಿ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಒತ್ತಡವನ್ನು ವೇಗದಿಂದ ಗುಣಿಸಿದರೆ ಬರುವ ಲೆಕ್ಕ. ಒತ್ತಡವೆಂದರೆ ಒಟ್ಟು ಭಾರವನ್ನು ಬುಷ್ಷಿನ ಒಳವ್ಯಾಸ ಗುಣಿಸು ಉದ್ದದಿಂದ ಭಾಗಿಸಿದ್ದು. ನಿಮ್ಮ ಲೆಕ್ಕ ಆ ಮಿತಿಯ ಅರ್ಧದೊಳಗೆ ಇರುವಂತೆ ನೋಡಿಕೊಳ್ಳಿ. ಮಿತಿಯ ಅಂಕಿ ಬಂದಿರುವುದು ನನ್ನ ಹಳೇ ಕೋಣೆಯಂಥ ತಂಪಾದ, ಗಾಳಿಯಾಡುವ ಪರೀಕ್ಷಾ ಕೋಣೆಯಿಂದ. ನಿಮ್ಮ ಮಷೀನಿನ ಹೊಟ್ಟೆಯೊಳಗೆ ಅಷ್ಟು ತಂಪಿಲ್ಲ.

ಪ್ರಶ್ನೆ: ಘರ್ಷಣಾಂಕ ಭಾರದ ಮೇಲೆ ಅವಲಂಬಿಸಿಲ್ಲ ಅಂತ ಪಾಠದಲ್ಲಿ ಕಲಿತಿದ್ದೇವೆ. ಆದರೆ ಪ್ಲಾಸ್ಟಿಕ್ಕಿನ ಪಟ್ಟಿಗಳಲ್ಲಿ ಒಂದೇ ವಸ್ತುವಿಗೆ ಬೇರೆಬೇರೆ ಅಂಕಿಗಳಿರುತ್ತವೆ. ಯಾವುದು ಸರಿ? ಹಾಗೇ, ಬುಷ್ ಎಷ್ಟು ದಿನ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದಾ? (ಒಬ್ಬ ಡಿಪ್ಲೊಮಾ ವಿದ್ಯಾರ್ಥಿನಿ)

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮಾ! ಪಟ್ಟಿ ನೋಡಿ ಅನುಮಾನ ಬಂತಲ್ಲ, ಅದನ್ನು ಬಿಡಬೇಡ.

ನೀನು ಕಲಿತ ನಿಯಮವನ್ನು 1699ರಲ್ಲಿ ಫ್ರಾನ್ಸಿನ ಅಮೊಂಟಾನ್ ಹೇಳಿದ್ದರು. ಲೋಹಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಯಾಕೆ ಅಂತ ಬಿಡಿಸಿ ತೋರಿಸಿದವರಲ್ಲಿ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ಮುಖ್ಯರು. ಎರಡು ಮೈಗಳು ನಿಜವಾಗಿ ತಾಗುವುದು ಕೆಲವೇ ಉಬ್ಬುಗಳ ತುದಿಯಲ್ಲಿ ಅಂತ ಅವರು 1939ರಲ್ಲಿ ತೋರಿಸಿದರು. ಲೋಹದಲ್ಲಿ ಭಾರ ಎರಡರಷ್ಟಾದರೆ ತಾಗುವ ಜಾಗವೂ ಎರಡರಷ್ಟಾಗುತ್ತದೆ, ಅನುಪಾತ ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ಕಿನ ಉಬ್ಬುಗಳು ರಬ್ಬರಿನ ಹಾಗೆ ಬಗ್ಗುತ್ತವೆ. ಭಾರ ಏರಿದಷ್ಟು ತಾಗುವ ಜಾಗ ಏರುವುದಿಲ್ಲ. ಹಾಗಾಗಿ ಭಾರ ಜಾಸ್ತಿಯಾದಂತೆ ಘರ್ಷಣಾಂಕ ಸಾಮಾನ್ಯವಾಗಿ ಇಳಿಯುತ್ತದೆ. ವೇಗ ಮತ್ತು ಬಿಸಿಯಿಂದಲೂ ಬದಲಾಗುತ್ತದೆ. ಪಿಟಿಎಫ್‌ಇ ನಿಧಾನದಲ್ಲಿ ತೋರಿಸಿದ ಅಂಕಿ ವೇಗ ಹೆಚ್ಚಿದಾಗ ಕೆಲವು ಪಟ್ಟು ಏರುತ್ತದೆ. ಪಟ್ಟಿಯ ಅಂಕಿಗಳೆಲ್ಲ ಸರಿಯೇ ಇರಬಹುದು, ಯಾವ ಭಾರ, ಯಾವ ವೇಗ, ಯಾವ ಲೋಹದ ಮೇಲೆ ಅಂತ ಬರೆದಿದೆಯೇ ನೋಡು. ಬರೆದಿಲ್ಲದ ಅಂಕಿಯನ್ನು ನಾನು ಬಳಸುವುದಿಲ್ಲ.

ಬಾಳಿಕೆಯ ಲೆಕ್ಕಕ್ಕೆ 1953ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಕೊಟ್ಟ ಸವೆತದ ಸೂತ್ರದ ಒಂದು ಸರಳ ರೂಪ ಸಾಕು. ಸವೆದ ಆಳ ಎಂದರೆ ಸವೆತದ ಅಂಕಿ, ಒತ್ತಡ, ವೇಗ, ಸಮಯ ಈ ನಾಲ್ಕರ ಗುಣಲಬ್ಧ. ಒತ್ತಡ ಚದರ ಮಿ.ಮೀ.ಗೆ 1 ನ್ಯೂಟನ್, ವೇಗ ಸೆಕೆಂಡಿಗೆ 0.1 ಮೀಟರ್ ಇರಲಿ. ಸವೆತದ ಅಂಕಿ, ಅಂದರೆ 1 ನ್ಯೂಟನ್ ಭಾರದಲ್ಲಿ 1 ಮೀಟರ್ ಜಾರಿದರೆ ಎಷ್ಟು ಘನ ಮಿ.ಮೀ. ಹೋಗುತ್ತದೆ ಅನ್ನುವುದು, ಒಳ್ಳೆಯ ಬೆರಕೆ ಪ್ಲಾಸ್ಟಿಕ್ಕಿಗೆ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದುಕೋ. 1000 ಗಂಟೆ ಅಂದರೆ 36 ಲಕ್ಷ ಸೆಕೆಂಡು. ಗುಣಿಸಿದರೆ 0.36 ಮಿ.ಮೀ. ಈಗ ಬೆರಕೆ ಇಲ್ಲದ ಪಿಟಿಎಫ್‌ಇ ಹಾಕೋಣ. ಅದರ ಅಂಕಿ ಹತ್ತು ಲಕ್ಷದಲ್ಲಿ 500ರ ಸುಮಾರಿಗೆ ಬರುತ್ತದೆ. ಅಷ್ಟೇ ಸವೆತಕ್ಕೆ ಬೇಕಾಗುವುದು ಎರಡೇ ಗಂಟೆ! ಮೊದಲ ಪ್ರಶ್ನೆ ಕೇಳಿದವರ ಬುಷ್ ಎರಡು ವಾರ ನಿಂತದ್ದು ಅವರ ಭಾರ, ವೇಗ ಇದಕ್ಕಿಂತ ಎಷ್ಟೋ ಕಡಿಮೆ ಇದ್ದದ್ದರಿಂದ.

ಈ ಲೆಕ್ಕ ಮೊದಲ ಕೆಲವು ಗಂಟೆಗಳ ಸವೆತವನ್ನು ಹಿಡಿಯುವುದಿಲ್ಲ, ಪದರ ಕೂತ ಮೇಲಿನದ್ದನ್ನು ಹಿಡಿಯುತ್ತದೆ. ಪಿವಿ ಮಿತಿ ದಾಟಿದರೂ ಸುಳ್ಳಾಗುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಸೊಂಟದ ಕೀಲು ಬದಲಿಸಿದ್ದಾರೆ. ಲೋಹದ ಗುಂಡು, ಅದನ್ನು ಹಿಡಿದಿರುವ ಬಟ್ಟಲು ಪ್ಲಾಸ್ಟಿಕ್ ಅಂತೆ. ನೀವು ಬುಷ್ ಸವೆತ ಅಂತ ಬರೆದದ್ದು ಓದಿ ಭಯವಾಯಿತು. ಅದೂ ಸವೆಯುತ್ತದೆಯೇ?

ಉತ್ತರ: ಸವೆಯುತ್ತದೆ, ಆದರೆ ಬಹಳ ನಿಧಾನವಾಗಿ. ಅಷ್ಟು ನಿಧಾನವಾಗಿದ್ದು ಹೇಗೆ ಅಂತ ಹೇಳಿದರೆ ನಿಮಗೆ ಧೈರ್ಯ ಬರುತ್ತದೆ.

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಬಟ್ಟಲಿಗೆ ಪಿಟಿಎಫ್‌ಇಯನ್ನೇ ಆರಿಸಿದರು. ಕೀಲು ಸಲೀಸಾಗಿ ಜಾರಬೇಕು ಅನ್ನುವುದು ಅವರ ಯೋಚನೆ. ಮೊದಲ ಪತ್ರದವರ ಯೋಚನೆಯೂ ಅದೇ ಆಗಿತ್ತು ನೋಡಿ. ಸುಮಾರು 300 ಜನರಿಗೆ ಹಾಕಿದರು. ರೋಗಿಗಳು ನೋವಿಲ್ಲದೆ ಓಡಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ತೇದುಹೋದವು. ಉದುರಿದ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿತು. ಆ ಪುಡಿ ಮೈಗೆ ಏನು ಮಾಡುತ್ತದೆ ಅಂತ ತಿಳಿಯಲು ಚಾರ್ನ್ಲಿ ಪಿಟಿಎಫ್‌ಇಯನ್ನು ತಮ್ಮದೇ ತೊಡೆಯೊಳಗೆ ಸೇರಿಸಿಕೊಂಡು ನೋಡಿದರು. ತಾವು ಹಾಕಿದ ಕೀಲುಗಳನ್ನು ತಾವೇ ತೆಗೆಯಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ಮನಸ್ಸು ಭಾರವಾಗುತ್ತದೆ.

1962ರಲ್ಲಿ ಅವರ ಕಾರ್ಯಾಗಾರಕ್ಕೆ ಒಂದು ಪಾಲಿಎಥಿಲೀನ್ ತುಂಡು ಬಂತು. ಚಾರ್ನ್ಲಿಗೆ ಮೊದಲು ಅದರ ಮೇಲೆ ನಂಬಿಕೆ ಬರಲಿಲ್ಲ. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ತಮ್ಮ ಸವೆತ ಯಂತ್ರಕ್ಕೆ ಹಾಕಿ ಹಗಲುರಾತ್ರಿ ಓಡಿಸಿದರು. ಪಿಟಿಎಫ್‌ಇ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರದಲ್ಲೂ ಸವೆದಿರಲಿಲ್ಲ ಅಂತ ಚಾರ್ನ್ಲಿಯವರೇ ಆಮೇಲೆ ಹೇಳಿದ್ದಾರೆ. ಅದೇ ವರ್ಷದ ನವೆಂಬರಿನಿಂದ ಅವರು ಅದನ್ನು ರೋಗಿಗಳಿಗೆ ಹಾಕತೊಡಗಿದರು. ಇವತ್ತಿನ ಬಟ್ಟಲುಗಳು ಅದೇ ವಂಶದವು. ನಮ್ಮಂಥ ಪರೀಕ್ಷಾ ಕೋಣೆಯವರಿಗೆ ಕ್ರೇವನ್ ಬಹಳ ದೊಡ್ಡ ಮನುಷ್ಯ.

ಈ ಪಾಲಿಎಥಿಲೀನಿನ ಸರಪಳಿಯೂ ಪಿಟಿಎಫ್‌ಇಯ ಹಾಗೆ ನುಣ್ಣಗಿದೆ. ಆದರೆ ಬಟ್ಟಲಿಗೆ ಬಳಸುವುದು ವಿಪರೀತ ಉದ್ದ ಸರಪಳಿಗಳ ಬಗೆ. ಅವು ಒಂದರೊಳಗೊಂದು ಸಿಕ್ಕುಬಿದ್ದಿರುವುದರಿಂದ ಇಸ್ಪೀಟಿನೆಲೆಯ ಹಾಗೆ ಕಳಚಿ ಬರುವುದಿಲ್ಲ. ಹಳೆಯ ಬಗೆಯ ಬಟ್ಟಲುಗಳಲ್ಲಿ ಗುಂಡು ವರ್ಷಕ್ಕೆ ಸುಮಾರು 0.1 ಮಿ.ಮೀ. ಒಳಗಿಳಿಯುತ್ತಿತ್ತು. 1990ರ ದಶಕದ ಕೊನೆಯಿಂದ ವಿಕಿರಣ ಹಾಯಿಸಿ ಸರಪಳಿಗಳ ನಡುವೆ ಅಡ್ಡ ಬೆಸುಗೆ ಹಾಕಿದ ಬಗೆ ಬಂದಿದೆ. ಅದರ ಸವೆತ ಇನ್ನೂ ಬಹಳ ಕಡಿಮೆ.

ಮೈಯೊಳಗಿನ ದ್ರವದಲ್ಲಿ ನಾನು ಮೇಲೆ ಹೇಳಿದ ಪದರ ಲೋಹದ ಮೇಲೆ ಕೂರುವುದಿಲ್ಲ. ಆದ್ದರಿಂದ ಅಲ್ಲಿ ಗುಂಡನ್ನು ನಿಜವಾಗಿಯೂ ಕನ್ನಡಿಯ ಹಾಗೆ ಪಾಲಿಶ್ ಮಾಡಿರುತ್ತಾರೆ. ಶಾಫ್ಟಿನ ಸಲಹೆಯನ್ನು ಇಲ್ಲಿಗೆ ತರಬೇಡಿ.

ತಾಯಿಗೆ ಹಾಕಿರುವುದು ಯಾವ ಬಗೆಯ ಬಟ್ಟಲು, ಗುಂಡಿನ ಅಳತೆ ಎಷ್ಟು ಅಂತ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸವೆತದ ಪುಡಿಯಿಂದ ಸುತ್ತಲಿನ ಮೂಳೆ ಕರಗತೊಡಗಿದರೂ ಎಷ್ಟೋ ಸಲ ಬಹಳ ದಿನ ನೋವೇ ಇರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ನೋವಿಲ್ಲದಿದ್ದರೂ ವೈದ್ಯರು ಹೇಳಿದ ದಿನಕ್ಕೆ ಎಕ್ಸ್‌ರೇ ತೆಗೆಸಿ, ಹಳೇ ಫಿಲ್ಮನ್ನೂ ಜೊತೆಗೆ ಒಯ್ಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗುಂಡು ಎಷ್ಟು ಸರಿದಿದೆ ಅಂತ ಅವರಿಗೆ ಗೊತ್ತಾಗುತ್ತದೆ.